ಒಪ್ಪದೆಯೂ ಅಪ್ಪಬಹುದೆ?

‘ಪಾಪವನ್ನು ದ್ವೇಷಿಸು, ಪಾಪಿಯನ್ನು ಪ್ರೀತಿಸು’ ಎಂಬ ನುಡಿ ಕ್ರೈಸ್ತ ಲೋಕದಲ್ಲಿ ಬಹುಕಾಲದಿಂದ ಸಲ್ಲುತ್ತ ಬಂದಿದೆ. ಕೇಳಲು ಹಿತವಾದ, ಆಚರಿಸಲು ಕಠಿನವಾದ ನುಡಿ ಇದು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಒಲಿಯುವ ಸಲಿಂಗಪ್ರೇಮದ ಪ್ರಶ್ನೆ ಎದ್ದಾಗಿನಿಂದ ಈ ನುಡಿಯನ್ನೇ ನಡುವೆ ಇಟ್ಟುಕೊಂಡು ಕ್ರೈಸ್ತರೊಳಗೇ ದೊಡ್ಡ ವಾದ ನಡೆದಿದೆ. ಒಬ್ಬನ ನಡತೆಯನ್ನು ಪಾಪವೆಂದು ನಂಬಿಯೂ ಅವನನ್ನು ನಿಜವಾಗಿ ಪ್ರೀತಿಸುವುದು ಸಾಧ್ಯವೆ ಎಂಬುದೇ ಆ ವಾದದ ತಿರುಳು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಸಣ್ಣದು. ಆದರೆ ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಮಗನು ಮದುವೆ ಒಲ್ಲೆನೆಂದು, ಅದರ ಕಾರಣವನ್ನೂ ಬಿಚ್ಚಿ ಹೇಳಿದ ದಿನ ಯಾವ ಮತದ ತಂದೆತಾಯಿಗಳಾದರೂ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಆದುದರಿಂದ ಈ ವಾದವನ್ನು ತುಸು ಸಾವಧಾನದಿಂದ ತಿಳಿದುಕೊಳ್ಳುವುದು ಎಲ್ಲರಿಗೂ ಉಪಯುಕ್ತವಾದೀತು.

ನುಡಿಯ ಬೇರು ಐದನೆಯ ಶತಮಾನದ ಸಂತ ಆಗಸ್ಟೀನನಲ್ಲಿದೆ. ಸನ್ಯಾಸಿನಿಯರಿಗೆ ಬರೆದ ಪತ್ರವೊಂದರಲ್ಲಿ ಆತನು, ತಪ್ಪನ್ನು ತಿದ್ದುವಾಗ ದ್ವೇಷ ದೋಷದ ಮೇಲಿರಲಿ, ಒಲವು ವ್ಯಕ್ತಿಯ ಮೇಲಿರಲಿ ಎಂಬ ಅರ್ಥದ ಬುದ್ಧಿವಾದ ಹೇಳಿದ್ದಾನೆ. ಗಾಂಧೀಜಿಯವರೂ ತಮ್ಮ ಆತ್ಮಕಥೆಯಲ್ಲಿ ಈ ತತ್ತ್ವವನ್ನು ಎತ್ತಿಕೊಂಡು, ಇದು ತಿಳಿಯುವುದಕ್ಕೆ ಸುಲಭ, ಆಚರಣೆಯಲ್ಲಿ ವಿರಳ, ಅದರಿಂದಲೇ ಲೋಕದಲ್ಲಿ ದ್ವೇಷದ ವಿಷ ಹಬ್ಬುತ್ತದೆ ಎಂದು ಎಚ್ಚರಿಸಿದ್ದಾರೆ.

ಇನ್ನು ವಾದದ ಎರಡು ಪಕ್ಷಗಳನ್ನು ನೋಡೋಣ. ಸಂಪ್ರದಾಯಸ್ಥರು ಸತ್ಯವೇದದ ಯಾಜಕಕಾಂಡವನ್ನೂ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನೂ ಆಧಾರವಾಗಿ ಹಿಡಿಯುತ್ತಾರೆ. ಮದುವೆಯೆಂಬುದು ಗಂಡು ಹೆಣ್ಣುಗಳಿಗೆ ಸೃಷ್ಟಿಕರ್ತನೇ ವಿಧಿಸಿದ ಕಟ್ಟಳೆ ಎಂಬುದು ಅವರ ನಿಲುವು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿದೆ. ಯೇಸು ಆಕೆಯನ್ನು ಕಲ್ಲೆಸೆಯುವವರಿಂದ ಉಳಿಸಿದನು, ಶಿಕ್ಷೆ ವಿಧಿಸಲಿಲ್ಲ, ಆದರೂ ಇನ್ನು ಮುಂದೆ ಪಾಪ ಮಾಡಬೇಡವೆಂದು ಹೇಳಿ ಕಳುಹಿಸಿದನು. ಕರುಣೆಯೂ ಕಟ್ಟಳೆಯೂ ಒಂದೇ ಬಾಯಿಂದ ಬಂದುವಲ್ಲ, ಸತ್ಯವನ್ನು ಮುಚ್ಚಿಟ್ಟರೆ ಅದೆಂಥ ಪ್ರೀತಿ ಎಂದು ಇವರು ಕೇಳುತ್ತಾರೆ.

ಇನ್ನೊಂದು ಪಕ್ಷದವರೂ ಅದೇ ಗ್ರಂಥವನ್ನು ಓದುವವರೇ. ಪ್ರಾಚೀನರು ಖಂಡಿಸಿದ್ದು ಬಲಾತ್ಕಾರವನ್ನು, ದಾಸರ ದುರುಪಯೋಗವನ್ನು, ಅಂಕೆಯಿಲ್ಲದ ಭೋಗವನ್ನು. ಬಾಳಿನುದ್ದಕ್ಕೂ ಒಬ್ಬರಿಗೊಬ್ಬರು ನಿಷ್ಠರಾಗಿರುವ ಇಬ್ಬರ ಸಂಬಂಧ ಅವರ ಕಣ್ಣ ಮುಂದೆ ಇರಲಿಲ್ಲ ಎಂಬುದು ಇವರ ವಾದ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಬರುವ ‘ಅರ್ಸೆನೊಕೊಯ್ಟೈ’ ಎಂಬ ಗ್ರೀಕ್ ಪದದ ಅರ್ಥದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇಂಗ್ಲಿಷ್ ಬೈಬಲ್ಲಿನಲ್ಲಿ ‘ಹೋಮೋಸೆಕ್ಷುಯಲ್’ ಎಂಬ ಮಾತು ಮೊದಲು ಕಾಣಿಸಿಕೊಂಡದ್ದೇ 1946ರ ಪರಿಷ್ಕೃತ ಅನುವಾದದಲ್ಲಿ. ಒಂದು ಶಬ್ದದ ಅನುವಾದ ಎಷ್ಟೋ ಜನರ ಬಾಳಿನ ಮೇಲೆ ಭಾರ ಹೇರಬಲ್ಲುದು. ಈ ಎರಡು ಪಕ್ಷಗಳ ನಡುವೆ, ತಮ್ಮ ಒಲವು ಇಂಥದೆಂದು ಮುಚ್ಚುಮರೆಯಿಲ್ಲದೆ ಹೇಳಿ, ಬ್ರಹ್ಮಚರ್ಯವನ್ನು ಸ್ವ ಇಚ್ಛೆಯಿಂದ ವಹಿಸಿಕೊಂಡ ಕ್ರೈಸ್ತರೂ ಇದ್ದಾರೆ.

ತೊಡಕು ಇರುವುದು ಇಲ್ಲಿ: ಕಳ್ಳನಿಂದ ಕಳವನ್ನು ಬೇರೆಮಾಡಿ ನೋಡಬಹುದು. ಕಳವು ಬಿಟ್ಟವನು ಮೊದಲಿನ ಮನುಷ್ಯನೇ ಆಗಿ ಉಳಿಯುತ್ತಾನೆ. ಆದರೆ ಒಲವು ಮನುಷ್ಯನ ಒಳಗೇ ಹೆಣೆದುಕೊಂಡು ಬಂದದ್ದು. ಸಲಿಂಗಾಸಕ್ತಿ ರೋಗವಲ್ಲವೆಂದು 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿತು. ಒಲವು ಪಾಪವಲ್ಲ, ಕ್ರಿಯೆಯಷ್ಟೇ ಪಾಪ ಎಂದು ಸಂಪ್ರದಾಯಸ್ಥರು ಸಮಾಧಾನ ಹೇಳುತ್ತಾರೆ. ಆದರೂ ‘ನಿನ್ನನ್ನು ಪ್ರೀತಿಸುತ್ತೇನೆ, ನಿನ್ನಲ್ಲಿರುವ ಇದನ್ನು ದ್ವೇಷಿಸುತ್ತೇನೆ’ ಎಂದರೆ ಕೇಳುವವನ ಕಿವಿಗೆ ಬೀಳುವುದು ಎರಡನೆಯ ಮಾತೇ.

ಚರ್ಚುಗಳು ಈ ತೊಡಕನ್ನು ಬೇರೆಬೇರೆ ಬಗೆಯಲ್ಲಿ ಬಿಡಿಸಲು ಹೊರಟಿವೆ. 1992ರ ಕೆಥೋಲಿಕ ಧರ್ಮಬೋಧೆಯ ಗ್ರಂಥ ಸಲಿಂಗಸಂಗವನ್ನು ಒಪ್ಪುವುದಿಲ್ಲ. ಆದರೆ ಅಂಥವರನ್ನು ಗೌರವದಿಂದಲೂ ಕರುಣೆಯಿಂದಲೂ ಕಾಣಬೇಕೆಂದು, ಅನ್ಯಾಯದ ಭೇದ ಮಾಡಕೂಡದೆಂದು ವಿಧಿಸುತ್ತದೆ. 2023ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸರ ಒಪ್ಪಿಗೆಯಿಂದ ಹೊರಟ ಪ್ರಕಟಣೆಯೊಂದು, ಮದುವೆಯ ಬೋಧೆಯನ್ನು ಬದಲಿಸದೆ, ಇಂಥ ಜೋಡಿಗಳು ಬಂದು ಬೇಡಿದರೆ ಪಾದ್ರಿಗಳು ಸರಳವಾಗಿ ಆಶೀರ್ವದಿಸಬಹುದೆಂದಿತು. ಆಫ್ರಿಕದ ಬಹುಮಂದಿ ಬಿಷಪ್ಪರು ಇದನ್ನು ಒಪ್ಪಲಿಲ್ಲ.

ನಮ್ಮ ಕಲಬುರಗಿ, ಬೀದರ ಸೀಮೆಗೆ ಪರಿಚಿತವಾದ ಮೆಥೊಡಿಸ್ಟ್ ಪಂಥದ ಕಥೆ ಇನ್ನೂ ಕಠಿನ. ಅಮೆರಿಕದಲ್ಲಿ ನೆಲೆಯುಳ್ಳ ಯುನೈಟೆಡ್ ಮೆಥೊಡಿಸ್ಟ್ ಚರ್ಚು, ಸಲಿಂಗ ನಡತೆ ಕ್ರೈಸ್ತ ಬೋಧೆಗೆ ಹೊಂದದೆಂದು 1972ರಲ್ಲಿ ಬರೆದಿಟ್ಟು, 2024ರಲ್ಲಿ ಅದನ್ನು ತೆಗೆದುಹಾಕಿತು. ಅಷ್ಟರೊಳಗೆ, 2019ರಿಂದ 2023ರ ವರೆಗೆ, 7,600ಕ್ಕೂ ಮೇಲ್ಪಟ್ಟ ಸಭೆಗಳು ಅದನ್ನು ಬಿಟ್ಟುಹೋಗಿದ್ದುವು. ಭಾರತದ ಮೆಥೊಡಿಸ್ಟ್ ಚರ್ಚು 1981ರಿಂದ ಸ್ವತಂತ್ರವಾದುದರಿಂದ ಆ ನಿರ್ಣಯ ಇಲ್ಲಿಗೆ ಅನ್ವಯಿಸುವುದಿಲ್ಲ. ಪ್ರೀತಿಯ ಅರ್ಥವನ್ನು ಕುರಿತು ವಾದಿಸುತ್ತಲೇ ಒಂದು ಪಂಥ ಒಡೆಯಬಹುದೆಂಬ ಪಾಠ ಮಾತ್ರ ಎಲ್ಲರಿಗೂ ಸಲ್ಲುತ್ತದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. 1860ರ ದಂಡಸಂಹಿತೆಯ 377ನೆಯ ಕಲಮು ಸಲಿಂಗಸಂಗವನ್ನು ಅಪರಾಧವೆಂದಿತ್ತು. 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಅದರ ಹಿಡಿತವನ್ನು ಸಡಿಲಿಸಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ಬಿಗಿಗೊಳಿಸಿತು. ಆ ಮೇಲ್ಮನವಿಯಲ್ಲಿ ಕೆಲವು ಕ್ರೈಸ್ತ ಸಂಘಗಳು ಕಲಮಿನ ಪರವಾಗಿ ನಿಂತಿದ್ದುವು. ಅದೇ ತಿಂಗಳು ಮುಂಬಯಿಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸರು ಇಂಥವರನ್ನು ತಮ್ಮ ಚರ್ಚು ಅಪರಾಧಿಗಳೆಂದು ಬಗೆಯುವುದಿಲ್ಲ ಎಂದರು. 2018ರ ಸೆಪ್ಟೆಂಬರ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು, ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಸಂಬಂಧ ಅಪರಾಧವಲ್ಲವೆಂದು ಒಮ್ಮತದಿಂದ ತೀರ್ಪಿತ್ತರು. 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ಪಾಪದ ವಿಚಾರ ದೇವರಿಗೆ, ಅಪರಾಧದ ವಿಚಾರ ಸರಕಾರಕ್ಕೆ ಸೇರಿದ್ದೆಂಬ ಭೇದವನ್ನು ಎರಡು ಪಕ್ಷದವರೂ ಮನ್ನಿಸಬಹುದು. ಅವರು ಕೂಡಿ ನಿಲ್ಲಬಹುದಾದ ಮೊದಲ ಮೆಟ್ಟಿಲು ಅದು.

ಇನ್ನು ಮನೆಯ ಮಾತು. ‘ಒಪ್ಪು’ ಬೇರೆ, ‘ಅಪ್ಪು’ ಬೇರೆ. ಒಪ್ಪುವುದು ಬುದ್ಧಿಯ ಕೆಲಸ. ಅದನ್ನು ಬಲವಂತದಿಂದ ಯಾರೂ ಯಾರಿಂದಲೂ ಪಡೆಯಲಾರರು. ಅಪ್ಪುವುದು ಕೈಗಳ ಕೆಲಸ. ಅದಕ್ಕೆ ಬುದ್ಧಿಯ ನಿರ್ಣಯವನ್ನು ಕಾಯಬೇಕಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಮೊಹರಮ್ಮಿನ ಪಂಜಾಗಳ ಮುಂದೆ ಹೆಜ್ಜೆ ಹಾಕುವ ಹಿಂದೂಗಳು ಮಸೀದಿಯ ಸಿದ್ಧಾಂತವನ್ನೆಲ್ಲ ಒಪ್ಪಿದವರಲ್ಲ. ಆದರೂ ಕೂಡಿ ನಡೆಯುತ್ತಾರೆ. ಎಲ್ಲಮ್ಮನ ಜೋಗಪ್ಪ ಬಾಗಿಲಿಗೆ ಬಂದರೆ ಜೋಳ ನೀಡಿ ಕೈಮುಗಿಯುತ್ತೇವೆ. ಜೋಗಪ್ಪನ ವಿಷಯ ಬೇರೆ, ಸಲಿಂಗಪ್ರೇಮಿಯ ವಿಷಯ ಬೇರೆ, ನಿಜ. ಆದರೆ ಪರರ ಮನೆಯ ಮಗನಲ್ಲಿ ಸೈರಿಸಿದ ಭೇದವನ್ನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವನಲ್ಲಿ ಸೈರಿಸಲಾರೆವೆಂಬುದು ವಿಚಾರಮಾಡತಕ್ಕ ಸಂಗತಿ.

ಆದುದರಿಂದ ಪ್ರೀತಿಸುತ್ತೇವೆ ಎನ್ನುವವರು ಅದನ್ನು ನಾಲ್ಕು ಕಡೆ ಒರೆಗೆ ಹಚ್ಚಿ ನೋಡಲಿ. ಮಗನಿಗೆ ಮನೆಯಲ್ಲಿ ಮೊದಲಿನಂತೆಯೇ ಊಟವುಂಟೆ? ಅವನ ಗುಟ್ಟು ಓಣಿಯವರ ಪಾಲಾಗದೆ ಉಳಿದಿದೆಯೆ? ಗಾಳಿ ಬಿಡಿಸುವವರ ಬಳಿಗೂ, ‘ಸರಿಪಡಿಸುವ’ ವೈದ್ಯರ ಬಳಿಗೂ ಎಳೆದೊಯ್ಯುವುದು ತಪ್ಪಿದೆಯೆ? ಇಂಥ ಚಿಕಿತ್ಸೆ ವೈದ್ಯವೃತ್ತಿಗೆ ವಿರುದ್ಧವಾದ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ತಿಳಿಸಿದೆ. ಕಡೆಯದಾಗಿ, ಮದುವೆ ಮಾಡಿದರೆ ಸರಿಹೋದಾನು ಎಂದು ಏನೂ ಅರಿಯದ ಹುಡುಗಿಯೊಬ್ಬಳನ್ನು ತಂದು ಅವನಿಗೆ ಗಂಟು ಹಾಕದಷ್ಟು ನ್ಯಾಯಬುದ್ಧಿ ಉಳಿದಿದೆಯೆ? ಈ ನಾಲ್ಕಕ್ಕೂ ಹೌದು ಎನ್ನಬಲ್ಲವನು ತನ್ನ ಮತದ ಮಾತನ್ನು ಮೆಲ್ಲಗೆ ಹೇಳಿದರೆ, ಆ ಮಗನು ಒಪ್ಪದಿದ್ದರೂ ಕೇಳಿಯಾನು. ಇವಕ್ಕೆ ಇಲ್ಲ ಎನ್ನುವವನ ಬಾಯಲ್ಲಿ ಪ್ರೀತಿಯೆಂಬ ಶಬ್ದ ಬರಿಯ ಶಬ್ದವಷ್ಟೇ. ಶಾಸ್ತ್ರದ ವಾದ ತೀರುವುದಕ್ಕೆ ಇನ್ನೂ ಎಷ್ಟು ತಲೆಮಾರುಗಳು ಬೇಕೋ. ಮನೆಯ ಬಾಗಿಲು ಅಲ್ಲಿಯ ತನಕ ಮುಚ್ಚಿರಬೇಕಾಗಿಲ್ಲ.