ಹದಿನೈದು ಥೌ ಸಂದು

ಬಾನೆಟ್ ಎತ್ತಿದರೆ ಅಂಬಾಸಿಡರ್ ಕಾರಿನೊಳಗೆ ಜಾಗವೋ ಜಾಗ. ಎಂಜಿನ್ನಿನ ಎರಡೂ ಪಕ್ಕದಲ್ಲಿ ಮೊಣಕೈವರೆಗೂ ಕೈ ಇಳಿಸಬಹುದು. ಬಗ್ಗಿ ನೋಡಿದರೆ ನೆಲ ಕಾಣುತ್ತದೆ. ಕೈಜಾರಿದ ನಟ್ಟು ನೇರ ಮಣ್ಣಿಗೇ ಬೀಳುತ್ತದೆ. ಮೈಸೂರಿನ ಹಳೆಯ ಬಡಾವಣೆಯೊಂದರ ಗ್ಯಾರೇಜಿನಲ್ಲಿ, ಹೊಂಗೆ ಮರದಡಿ, ಬಿಳಿ ಬಣ್ಣದ ಮಾರ್ಕ್ 4 ಒಂದು ನಡುಗುತ್ತ ನಿಂತಿದೆ. ಕಾರಿನವರು ಅಕೌಂಟ್ಸ್ ವಿಭಾಗದಿಂದ ನಿವೃತ್ತರಾದವರು.

“ಪಿಕಪ್ಪೇ ಇಲ್ಲ ಭಾಯ್. ಏರು ಬಂದ್ರೆ ಸಾಕು, ಉಸಿರು ಬಿಡತ್ತೆ.”

ಮೇಸ್ತ್ರಿ ಎಂಜಿನ್ ಕಡೆ ನೋಡುವುದೇ ಇಲ್ಲ. ಹಿಂದಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಬಸ್ ಟಿಕೆಟ್ ತೆಗೆದು ಸೈಲೆನ್ಸರ್ ಬಾಯಿಗೆ ಹಿಡಿಯುತ್ತಾರೆ. ಹೊಗೆ ಒಂದೇ ಸಮನೆ ತಳ್ಳಿದರೆ ಚೀಟಿ ಹೊರಕ್ಕೇ ಪಟಪಟಿಸುತ್ತದೆ. ಎಕ್ಸಾಸ್ಟ್ ವಾಲ್ವ್ ಸುಟ್ಟಿದ್ದರೆ ನಡುನಡುವೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಚೀಟಿ ಒಳಕ್ಕೆ ಹೋಗಲಿಲ್ಲ. ಆದರೆ ತಾಳ ಸರಿಯಿಲ್ಲ. ಎಲ್ಲೋ ಒಂದು ಏಟು ಮೆತ್ತಗೆ ಬೀಳುತ್ತಿದೆ.

“ಆಫ್ ಮಾಡಿ ಸಾರ್. ಆರೋದ್ರೊಳ್ಗೆ ಟ್ಯಾಪೆಟ್ ನೋಡ್ಬಿಡೋಣ.”

ಇದು 1489 ಸಿಸಿಯ ಬ್ರಿಟಿಷ್ ಎಂಜಿನ್, ಬಿಎಂಸಿ ಕಂಪನಿಯ ಬಿ-ಸೀರೀಸ್. ಇಂಗ್ಲೆಂಡಿನಲ್ಲಿ ಇದೇ ಎಂಜಿನ್ ಎರಡು ಕಾರ್ಬೊರೇಟರ್ ತೊಟ್ಟು ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಮೆರೆಯಿತು. ನಮ್ಮಲ್ಲಿ ಅದರ ಪಾಲಿಗೆ ಬಂದದ್ದು ಡೆಪ್ಯುಟಿ ಕಮಿಷನರುಗಳು, ಮದುವೆ ದಿಬ್ಬಣಗಳು ಮತ್ತು ಒಂದೇ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟ ಒಂಬತ್ತು ಜನ. ಯಾವುದು ಹೆಚ್ಚು ಕಷ್ಟದ ಕೆಲಸವೆಂದು ನನ್ನನ್ನು ಕೇಳಿದರೆ ಎರಡನೆಯದೇ. ಬೋರ್ 73 ಮಿಲಿಮೀಟರ್, ಸ್ಟ್ರೋಕ್ 88.9. ಪಿಸ್ಟನ್ನಿನ ಅಗಲಕ್ಕಿಂತ ಅದು ಓಡಾಡುವ ದೂರವೇ ಜಾಸ್ತಿ. ಹಾಗಾಗಿ ಎಂಜಿನ್ ಕಿರುಚುವುದಿಲ್ಲ. ಕಡಿಮೆ ಸುತ್ತಿನಲ್ಲೇ ಭಾರ ಎಳೆಯುತ್ತದೆ. ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ಕಾರುಗಳು ನಿಂತಿಲ್ಲ.

ಎರಡು ನಟ್ಟು ಬಿಚ್ಚಿ ರಾಕರ್ ಕವರ್ ಎತ್ತಿದರೆ ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ರಾಚುತ್ತದೆ. ಒಂದೇ ಶಾಫ್ಟಿನ ಮೇಲೆ ಎಂಟು ರಾಕರ್‌ಗಳು, ಜೇನುಬಣ್ಣದ ಎಣ್ಣೆಯಲ್ಲಿ ಮಿಂದು ಸಾಲಾಗಿ ಕೂತಿವೆ. ಪ್ಲಗ್ ನಾಲ್ಕನ್ನೂ ಬಿಚ್ಚಿಟ್ಟ ಹುಡುಗ ಬಂಪರಿನ ತೂತಿನಿಂದ ಹ್ಯಾಂಡಲ್ ತೂರಿಸುತ್ತಾನೆ. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಬಳಸದೆ ಉಳಿದ ಬೆರಳುಗಳ ಜೊತೆಗೇ ಇಟ್ಟಿದ್ದಾನೆ. ಈಗ ಪ್ಲಗ್ ಇಲ್ಲ, ಎಂಜಿನ್ ತಿರುಗಿಸಿ ಹೊಡೆಯುವ ಮಾತಿಲ್ಲ. ಆದರೂ ಈ ಅಭ್ಯಾಸ ಬಿಡಬಾರದು. ಬಿಟ್ಟವರ ಮಣಿಕಟ್ಟಿನ ಕತೆ ಎಲ್ಲ ಗ್ಯಾರೇಜಿನಲ್ಲೂ ಒಂದೊಂದಿರುತ್ತದೆ.

“ಎಂಟು ಒತ್ತಿದೆ,” ಎನ್ನುತ್ತಾನೆ ಹುಡುಗ.

“ಹಂಗಾದ್ರೆ ಒಂದು.”

ಒಂಬತ್ತರ ಲೆಕ್ಕ ಅದು. ಎಂಟನೆಯ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಬೇಕು; ಆರು ತೆರೆದಾಗ ಮೂರು, ಐದು ತೆರೆದಾಗ ನಾಲ್ಕು. ಕೂಡಿದರೆ ಯಾವಾಗಲೂ ಒಂಬತ್ತು. ಶಾಲೆ ಬಿಟ್ಟು ಬಂದ ಹುಡುಗ ಇದನ್ನೂ ಒಂದು-ಮೂರು-ನಾಲ್ಕು-ಎರಡು ಎಂಬ ಫೈರಿಂಗ್ ಆರ್ಡರನ್ನೂ ಮಗ್ಗಿಯಂತೆ ಒಪ್ಪಿಸುತ್ತಾನೆ.

ರಾಕರಿಗೂ ವಾಲ್ವಿನ ತುದಿಗೂ ನಡುವೆ ಹದಿನೈದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಪಾಲು ಸಂದು ಇರಬೇಕು. ಮೇಸ್ತ್ರಿ ಫೀಲರ್ ಗೇಜಿನ ಎಲೆಯನ್ನು ತೂರಿಸಿ ಎಳೆಯುತ್ತಾರೆ. ಸಡಿಲವಾಗಿ ಬರಬಾರದು, ಸಿಕ್ಕಿಕೊಳ್ಳಲೂಬಾರದು. ಹಿಡಿದು ಬಿಟ್ಟ ಹಾಗೆ ಬರಬೇಕು. ಎಡಗೈಯ ಸ್ಕ್ರೂ ಡ್ರೈವರ್ ಅಲುಗದಂತೆ ಬಲಗೈಯ ಸ್ಪಾನರಿನಲ್ಲಿ ಲಾಕ್ ನಟ್ ಬಿಗಿಯುತ್ತಾರೆ. ಬಿಗಿಯುವಾಗ ಸಂದು ಕೂದಲೆಳೆಯಷ್ಟು ಬದಲಾಗುತ್ತದೆ, ಆದ್ದರಿಂದ ಮತ್ತೆ ಎಲೆ, ಮತ್ತೆ ಎಳೆತ. ಒಂದು, ಎರಡು, ಮೂರು ಚೆನ್ನಾಗಿವೆ. ನಾಲ್ಕಕ್ಕೆ ಎಲೆ ಒಳಗೇ ಹೋಗಲಿಲ್ಲ. ಐದಕ್ಕೂ ಅಷ್ಟೆ.

“ಸದ್ದೇ ಇರ್ಲಿಲ್ವಲ್ಲ ಭಾಯ್!”

“ಅದೇ ತೊಂದ್ರೆ ಸಾರ್. ಸದ್ದು ಮಾಡೋ ಟ್ಯಾಪೆಟ್ ವಾಲ್ವ್ ಸುಡಲ್ಲ.”

ಮಾತು ಸರಿ. ಸಂದು ಹೆಚ್ಚಾದರೆ ಟಕಟಕ ಸದ್ದು, ಸ್ವಲ್ಪ ಸವೆತ. ಸಂದು ಇಲ್ಲವಾದರೆ ಕಾದು ಉದ್ದವಾದ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಇಳಿಸಿಕೊಳ್ಳುವುದು ಹೆಚ್ಚಾಗಿ ಸೀಟಿಗೊತ್ತಿ ಕೂತ ಆ ಗಳಿಗೆಯಲ್ಲೇ. ಅದು ತಪ್ಪಿದರೆ ಅಂಚು ಸುಡುತ್ತದೆ. ನಾಲ್ಕು, ಐದು ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಎಕ್ಸಾಸ್ಟ್ ವಾಲ್ವುಗಳು. ಅಕ್ಕಪಕ್ಕದಲ್ಲಿದ್ದು ಒಂದೇ ಪೋರ್ಟಿಗೆ ಬೆಂಕಿ ಉಗುಳುವಂಥವು. ಇಡೀ ಹೆಡ್ಡಿನಲ್ಲಿ ಬಿಸಿ ಹೆಚ್ಚಿರುವ ಜಾಗವೂ ಅದೇ.

ಸಂದು ಮುಚ್ಚಿದ್ದು ಯಾಕೆ? ಹಳೆಯ ಪೆಟ್ರೋಲಿನಲ್ಲಿ ಸೀಸ ಇತ್ತು. ನಮ್ಮ ಶ್ವಾಸಕೋಶಕ್ಕೆ ವಿಷ, ಬೀಡುಕಬ್ಬಿಣದ ವಾಲ್ವ್ ಸೀಟಿಗೆ ರಕ್ಷೆ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು, ಬರಬೇಕಾದದ್ದೇ. ಅಂದಿನಿಂದ ಹಳೆಯ ಹೆಡ್ಡುಗಳಲ್ಲಿ ಎಕ್ಸಾಸ್ಟ್ ಸೀಟು ಸವೆದು ವಾಲ್ವ್ ಮೇಲಕ್ಕೆ ಹೂತುಕೊಳ್ಳುತ್ತದೆ, ಸಂದು ಕರಗುತ್ತದೆ. ಈಚೆಗೆ ಬಂಕಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥೆನಾಲ್ ಬೇರೆ. ಅದು ಹಳೆಯ ರಬ್ಬರ್ ಪೈಪನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮನ್ನೂ ತಿನ್ನುತ್ತದೆ. ಹೊಸ ಕಾರಿನ ಹಾಗೆ ಅಳೆದು ಸರಿಪಡಿಸಿಕೊಳ್ಳುವ ಸೆನ್ಸರ್ ಕಾರ್ಬೊರೇಟರಿಗೆ ಇಲ್ಲವಾದ್ದರಿಂದ ಮಿಶ್ರಣ ತೆಳುವಾಗುತ್ತದೆ. ಪುರಾವೆ ಪ್ಲಗ್ಗಿನಲ್ಲಿದೆ. ಬಿಸ್ಕತ್ ಬಣ್ಣದಲ್ಲಿರಬೇಕಾದ ತುದಿ ಬಿಳುಚಿಕೊಂಡಿದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಎಂದರ್ಥ. ಎಣ್ಣೆ ಮೆತ್ತಿದ್ದರೆ ಎಂಜಿನ್ ಬೋರಿಗೆ ಬಂದಿರಬಹುದು. ಎರಡೂ ಅಲ್ಲ, ಸದ್ಯ.

ಡೆಲ್ಕೋ, ಅಂದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಾಗ ಇನ್ನೊಂದು ಸಂದು ಕಾಣುತ್ತದೆ. ಪುಟ್ಟ ಪಾಯಿಂಟುಗಳೆರಡು ತೆರೆದು ಮುಚ್ಚುತ್ತ, ತೆರೆದಾಗಲೆಲ್ಲ ಕಾಯಿಲ್ ಒಂದು ಕಿಡಿ ಕಳಿಸುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ! ಪಾಯಿಂಟಿನ ಹಿಮ್ಮಡಿ ಕ್ಯಾಮಿಗೆ ಉಜ್ಜಿ ಸವೆದಂತೆ ಈ ಸಂದೂ ಕಿರಿದಾಗಿ, ಕಿಡಿ ತಡವಾಗುತ್ತದೆ. ಪಿಕಪ್ ಹೋದದ್ದರಲ್ಲಿ ಇದರ ಪಾಲೂ ಇದೆ. ಮೇಸ್ತ್ರಿ ನುಣುಪು ಉಪ್ಪುಕಾಗದ ಆಡಿಸಿ, ಸಂದು ಹೊಂದಿಸಿ, ಕ್ಯಾಮಿಗೆ ಚೂರೇ ಗ್ರೀಸ್ ಸವರಿದರು. ಇದಕ್ಕೆ ಐದು ನಿಮಿಷವೂ ಬೇಡ, ಆದರೂ ಯಾರೂ ಮಾಡಿಸುವುದಿಲ್ಲ. ಎಷ್ಟೋ ಹಳೆಯ ಕಾರುಗಳಿಗೆ ವರ್ಷಕ್ಕೊಮ್ಮೆ ಸಿಗುವ ಸರ್ವಿಸ್ ಎಂದರೆ ಆಯುಧಪೂಜೆಯ ಕುಂಬಳಕಾಯಿ.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಮೊದಲಿಗಿಂತ ಹೆಚ್ಚು ಗಲಾಟೆ ಮಾಡುತ್ತಿದೆ. ಕಾರಿನವರ ಮುಖ ಅರಳಿ, ಮತ್ತೆ ಚಿಕ್ಕದಾಯಿತು. ಮೇಸ್ತ್ರಿ ಇನ್ನೂ ಮುಗಿಸಿಲ್ಲ.

“ಇದು ಈ ಸಲಕ್ಕೆ ಸಾರ್. ನಾಕು, ಐದು ಹೂತ್ಕೋತಾ ಇದೆ. 2,000 ಕಿಲೋಮೀಟರ್ ಓಡ್ಸಿ ತನ್ನಿ. ಸಂದು ಮತ್ತೆ ಮುಚ್ಚಿದ್ರೆ ಹೆಡ್ ಇಳಿಸಿ ಗಟ್ಟಿ ಸೀಟ್ ಹಾಕಿಸೋಣ. ಮುಚ್ಚದಿದ್ರೆ ನಾನೇ ಬೇಡ ಅಂತೀನಿ.”

ಕಾರಿನವರು ಡೈರಿಯಲ್ಲಿ ದಿನಾಂಕ, ಮೀಟರ್ ರೀಡಿಂಗ್, ಕೆಳಗೆ ನಾಲ್ಕು, ಐದು ಎಂದು ಬರೆದು ಗೆರೆ ಎಳೆದರು.

“ಅಷ್ಟ್ರಲ್ಲಿ ಸೀಟ್ ಕತ್ತರಿಸೋ ಲೇತಿನವರು ಇರ್ತಾರಾ ಭಾಯ್?”

“ಇರ್ತಾರೆ ಸಾರ್. ಟ್ರ್ಯಾಕ್ಟರ್ ಹೆಡ್ ಬರೋವರ್ಗೂ ಇರ್ತಾರೆ.”