ಬೆಳದಿಂಗಳು ನೋಡಿ ಗೊತ್ತುಮಾಡಿದ ರಾತ್ರಿ

ತೊಗರಿ ರಾಶಿ ಆಗುವ ಹೊತ್ತಿಗೆ ಕ್ರಿಸ್‌ಮಸ್ ಬರುತ್ತದೆ. ಮಾಲು ಗಂಜಿಗೆ ಹೋಗಿ ದುಡ್ಡು ಕೈಗೆ ಬರುವಷ್ಟರಲ್ಲಿ ಹೊಸ ವರ್ಷ. ಕಾಳಗಿ ಸೀಮೆಯ ಕ್ರೈಸ್ತ ಮನೆಗಳಲ್ಲಿ ಹೋದ ವರ್ಷದ ಲೆಕ್ಕ ಕೂಡುವುದೂ ಬರುವ ವರ್ಷದ ಲೆಕ್ಕ ಹಾಕುವುದೂ ಈ ಕೆಲವೇ ವಾರಗಳಲ್ಲಿ. ಸಾಲ ಎಷ್ಟು ತೀರಿತು, ಮಗಳ ಮದುವೆ ಈ ವರ್ಷವೋ ಮುಂದಿನ ವರ್ಷವೋ, ಹುಡುಗನನ್ನು ಕಲಬುರಗಿಯ ಹಾಸ್ಟೆಲಿಗೆ ಹಾಕುವುದೋ ಊರಲ್ಲೇ ಓದಿಸುವುದೋ ಎಂಬ ಮಾತುಗಳ ನಡುವೆಯೇ ಡಿಸೆಂಬರ್ 31ರ ರಾತ್ರಿ ಬರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮೆಥೋಡಿಸ್ಟರು ಅಂದು ಮಲಗುವುದಿಲ್ಲ. ಹಾಡು, ಸಾಕ್ಷಿ, ಸಭಾಪಾಲಕರ ಪ್ರಸಂಗ ಎಲ್ಲ ಆಗಿ, ಹನ್ನೆರಡು ಹೊಡೆಯುವಾಗ ಸಭೆಯವರು ಮೊಣಕಾಲೂರಿ ಪ್ರಾರ್ಥನೆಯಲ್ಲಿರುತ್ತಾರೆ. ಎದ್ದ ಮೇಲೆ ಒಬ್ಬರಿಗೊಬ್ಬರು ವಂದನೆ, ಕೇಕು, ಆಮೇಲೆ ತಟ್ಟೆಯಲ್ಲಿಟ್ಟ ವಾಗ್ದಾನ ವಚನದ ಚೀಟಿಗಳಲ್ಲಿ ಒಂದನ್ನು ಎತ್ತಿಕೊಂಡು ಮನೆಯ ದಾರಿ. ಆರಾಧನೆಯ ಹೆಸರು ಇಂಗ್ಲಿಷಿನದೇ ಉಳಿದುಬಿಟ್ಟಿದೆ: ವಾಚ್ ನೈಟ್.

ಇದನ್ನು ಹುಟ್ಟುಹಾಕಿದವರು ಪಾದ್ರಿಗಳಲ್ಲ, ಗಣಿ ಕೂಲಿಗಳು. ಪರ್ಸಿ ಕಲ್ಲು ಕೀಳುವ ಗಣಿಗಳನ್ನು ಕಂಡು ಬೆಳೆದ ಶಹಾಬಾದ್ ಕಡೆಯವರಿಗೆ ಈ ಸಂಗತಿ ಗೊತ್ತಿರಬೇಕು ಎಂದು ನನಗೆ ಬಹಳ ಆಸೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಪಕ್ಕದ ಕಿಂಗ್ಸ್‌ವುಡ್ ಆಗ ಕಲ್ಲಿದ್ದಲು ತೆಗೆಯುವವರ ಊರಾಗಿತ್ತು. ಅಲ್ಲಿನ ಜನರ ಹತ್ತಿರ ಸುಳಿಯಲು ಪಟ್ಟಣದವರು ಅಂಜುತ್ತಿದ್ದರು. 1739ರಲ್ಲಿ ಬೋಧಕ ಜಾರ್ಜ್ ವೈಟ್‌ಫೀಲ್ಡ್, ಅವರ ಬೆನ್ನಿಗೇ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ, ಚರ್ಚಿನ ಒಳಗಲ್ಲ, ಬಯಲಿನಲ್ಲಿ ನಿಂತು ಅವರಿಗೆ ಬೋಧಿಸಿದರು. ಕೇಳಿದವರಲ್ಲಿ ಕೆಲವರು ಅಲ್ಲಿನ ಶಾಲೆಯಲ್ಲಿ ಕೂಡಿ, ರಾತ್ರಿಯ ಬಹುಪಾಲನ್ನು ಪ್ರಾರ್ಥನೆಯಲ್ಲೂ ಹಾಡಿನಲ್ಲೂ ಕಳೆಯತೊಡಗಿದರು. ಯಾರೂ ಹೇಳಿಕೊಟ್ಟದ್ದಲ್ಲ. ಇದನ್ನು ನಿಲ್ಲಿಸಿಬಿಡಿ ಎಂದು ವೆಸ್ಲಿಯ ಕಿವಿಯಲ್ಲಿ ಹೇಳಿದವರಿದ್ದರು. ಆದಿ ಕ್ರೈಸ್ತರೂ ರಾತ್ರಿ ಜಾಗರಣೆ ಮಾಡುತ್ತಿದ್ದರಲ್ಲ, ತಡೆಯಲು ಕಾರಣವೇನು ಎಂದು ಯೋಚಿಸಿದ ವೆಸ್ಲಿ, ತಾವೇ ಹೋಗಿ ಅವರ ನಡುವೆ ಕೂತರು.

ಲಂಡನ್ನಿನ ಮೊದಲ ವಾಚ್ ನೈಟ್ ನಡೆದದ್ದು 1742ರ ಏಪ್ರಿಲ್ 9ರಂದು. ದಿನ ಗೊತ್ತುಮಾಡುತ್ತಿದ್ದ ರೀತಿಯನ್ನು ವೆಸ್ಲಿ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ: ಹುಣ್ಣಿಮೆಗೆ ಹತ್ತಿರದ ಶುಕ್ರವಾರ. ಆರಾಧನೆ ರಾತ್ರಿ ಎಂಟೂವರೆಗೆ ಶುರುವಾಗಿ ನಡುರಾತ್ರಿ ದಾಟಿದ ಮೇಲೆ ಮುಗಿಯುತ್ತಿತ್ತು. ದೂರದಿಂದ ನಡೆದು ಬಂದವರಿಗೆ ಮನೆ ಮುಟ್ಟುವವರೆಗೆ ಬೆಳಕಿರಲಿ ಎಂದು ಬೆಳದಿಂಗಳ ರಾತ್ರಿಯನ್ನೇ ಆರಿಸುತ್ತಿದ್ದರು. ಕರೆಂಟ್ ಹೋದ ರಾತ್ರಿಯಲ್ಲಿ ಹೊಲದ ದಾರಿ ಹಿಡಿದು ಊರು ಸೇರಿದವರಿಗೆ ಈ ಮುತುವರ್ಜಿಯ ಬೆಲೆ ತಿಳಿಯುತ್ತದೆ. ಬಡವರ ಕಾಲಿನ ಕೆಳಗಿನ ದಾರಿಯನ್ನು ನೆನೆದು ದೇವರ ಕೆಲಸಕ್ಕೆ ತಾರೀಕು ಇಟ್ಟವರು ಅವರು.

ಅಂದರೆ ಮೊದಮೊದಲು ಇದಕ್ಕೂ ಹೊಸ ವರ್ಷಕ್ಕೂ ಸಂಬಂಧವೇ ಇರಲಿಲ್ಲ. ಆಗ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ವರ್ಷ ಮೊದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ 1 ಅಲ್ಲಿ ವರ್ಷದ ಮೊದಲ ದಿನವಾದದ್ದು 1752ರಲ್ಲಿ.

ಬರೀ ಜಾಗರಣೆಯಿಂದ ಬದುಕು ನೆಟ್ಟಗಾಗುವುದಿಲ್ಲವೆಂದು ಆ ಜನ ಬೇಗ ಕಂಡುಕೊಂಡರು. ಅದಕ್ಕೆ ದಾರಿ ತೋರಿಸಿದ್ದು ಒಂದು ಸಾಲ. ಬ್ರಿಸ್ಟಲ್ಲಿನಲ್ಲಿ ಅವರು ಕಟ್ಟಿಕೊಂಡ ಪ್ರಾರ್ಥನಾ ಮಂದಿರದ ಮೇಲೆ ಸಾಲ ಉಳಿದಿತ್ತು. ತೀರಿಸುವುದು ಹೇಗೆಂದು ಮಾತನಾಡಲು 1742ರ ಫೆಬ್ರುವರಿ 15ರಂದು ಕೂಡಿದರು. ಕ್ಯಾಪ್ಟನ್ ಫೋಯ್ ಎಂಬವರು ಎದ್ದು, ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಎಂದರು. ಅದೂ ಕೊಡಲಾಗದವರು ಬಹಳ ಮಂದಿ ಇದ್ದಾರಲ್ಲ ಎಂದು ಇನ್ನೊಬ್ಬರು ಕೇಳಿದರು. ಹಾಗಾದರೆ ಎಲ್ಲರಿಗಿಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಕೊಡಿ, ನಾನು ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರ ಹತ್ತಿರ ಏನೂ ಇಲ್ಲದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ ಎಂದು ಫೋಯ್ ಒಪ್ಪಿಕೊಂಡರು. ಉಳಿದವರಲ್ಲೂ ಕೆಲವರು ಹಾಗೆಯೇ ಹನ್ನೊಂದು ಹನ್ನೊಂದು ಮಂದಿಯನ್ನು ವಹಿಸಿಕೊಂಡರು.

ಪೆನ್ನಿ ಎತ್ತಲು ಮನೆಮನೆಗೆ ಹೋದವರಿಗೆ ಬೇರೆಯದೂ ಕಣ್ಣಿಗೆ ಬಿತ್ತು. ಒಬ್ಬ ಮತ್ತೆ ಕುಡಿತಕ್ಕೆ ಬಿದ್ದಿದ್ದ, ಇನ್ನೊಂದು ಮನೆಯಲ್ಲಿ ಗಂಡಹೆಂಡಿರ ಜಗಳ. ಇದನ್ನು ಕೇಳಿದ ವೆಸ್ಲಿಗೆ ತಾವು ಬಹುಕಾಲದಿಂದ ಹುಡುಕುತ್ತಿದ್ದದ್ದು ಇದೇ ಎನ್ನಿಸಿತು. ಸಾಲ ತೀರಿಸಲು ಮಾಡಿದ ಹನ್ನೆರಡು ಜನರ ಗುಂಪು ಮೆಥೋಡಿಸ್ಟ್ ಸಭೆಯ ಬೆನ್ನೆಲುಬಾಯಿತು. ಅದಕ್ಕೆ ಕ್ಲಾಸ್ ಎಂದರು. ವಾರಕ್ಕೊಮ್ಮೆ ಕೂಡಿ, ನಿನ್ನ ಮನಸ್ಸು ಹೇಗಿದೆ, ಹೋದ ವಾರ ಹೇಳಿದ ಮಾತು ಎಷ್ಟು ನಡೆಯಿತು ಎಂದು ಒಬ್ಬರನ್ನೊಬ್ಬರು ಕೇಳುವುದು ಅಲ್ಲಿನ ಕೆಲಸ. ನಮ್ಮ ಹಳ್ಳಿಗಳ ಮಹಿಳಾ ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಕೂತ ಯಾವ ಅಕ್ಕನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿತಾಯದ ಹತ್ತಿಪ್ಪತ್ತು ರೂಪಾಯಿ ಹಾಕಲು ಬಂದವರು ಮನೆಯ ಕಷ್ಟವನ್ನೂ ಅಲ್ಲೇ ಹೇಳಿಕೊಂಡು ಹಗುರಾಗುತ್ತಾರೆ.

ಜಾಗರಣೆ, ಕ್ಲಾಸ್ ಆದ ಮೇಲೆ ಮೂರನೆಯದು ಒಡಂಬಡಿಕೆಯ ಆರಾಧನೆ. ಇದರ ಬೇರು ಇನ್ನೂ ಹಿಂದಿನದು. ಇಂಗ್ಲೆಂಡಿನ ಪ್ಯೂರಿಟನ್ ಬೋಧಕರನ್ನು 1662ರಲ್ಲಿ ಸರ್ಕಾರ ಚರ್ಚುಗಳಿಂದ ಹೊರಗೆ ಹಾಕಿತು. ಹಾಗೆ ನೆಲೆ ತಪ್ಪಿದವರಲ್ಲಿ ರಿಚರ್ಡ್ ಅಲೈನ್, ಜೋಸೆಫ್ ಅಲೈನ್ ಇಬ್ಬರೂ ಇದ್ದರು. ದೇವರೊಂದಿಗೆ ಮಾಡಿಕೊಳ್ಳುವ ಒಡಂಬಡಿಕೆಯ ಒಂದು ಪಾಠ ರಿಚರ್ಡರ 1663ರ ಪುಸ್ತಕದಲ್ಲಿ ಅಚ್ಚಾಯಿತು. ಬರೆದು ಕೆಳಗೆ ಸಹಿ ಹಾಕಿಟ್ಟುಕೊಳ್ಳಬಹುದಾದ ಪತ್ರ ಅದು. ಸುಮಾರು ತೊಂಬತ್ತು ವರ್ಷಗಳ ಮೇಲೆ ವೆಸ್ಲಿ ಅದನ್ನು ಒಬ್ಬಂಟಿಯ ಕೋಣೆಯಿಂದ ಸಭೆಯ ನಡುವೆ ತಂದರು. 1755ರ ಆಗಸ್ಟ್ 11ರ ಸಂಜೆ, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಫ್ರೆಂಚ್ ಚರ್ಚಿನಲ್ಲಿ ಅವರು ಅದನ್ನು ಓದಿದಾಗ ಸುಮಾರು 1800 ಮಂದಿ ಒಪ್ಪಿಗೆ ಸೂಚಿಸಲು ಎದ್ದು ನಿಂತರು. 1780ರಲ್ಲಿ ಅದು ಚಿಕ್ಕ ಪುಸ್ತಕವಾಗಿಯೂ ಹೊರಬಂತು. ವರ್ಷಗಳು ಕಳೆದಂತೆ ಜಾಗರಣೆ ಡಿಸೆಂಬರ್ ಕೊನೆಯ ರಾತ್ರಿಗೂ, ಒಡಂಬಡಿಕೆ ಹೊಸ ವರ್ಷದ ಆಸುಪಾಸಿನ ಭಾನುವಾರಕ್ಕೂ ಬಂದು ನಿಂತವು.

ಆ ಒಡಂಬಡಿಕೆಯ ಒಂದು ಗುಣ ಈಗಿನ ಹೊಸ ವರ್ಷದ ಸಂಕಲ್ಪಗಳಲ್ಲಿ ಕಾಣುವುದಿಲ್ಲ. ಇಂಥದ್ದನ್ನು ಗಳಿಸುತ್ತೇನೆ ಎಂಬ ಮಾತು ಅದರಲ್ಲಿಲ್ಲ. ಕೆಲಸ ಕೊಟ್ಟರೂ ಕೈಯಿಂದ ಕೆಲಸ ತೆಗೆದರೂ, ತುಂಬಿದರೂ ಬರಿದಾದರೂ ನಾನು ನಿನ್ನವನೇ ಎಂಬುದು ಅದರ ಸಾರ. ಹಳೆಯ ಸಿಮೆಂಟ್ ಕಾರ್ಖಾನೆಯ ಬಾಗಿಲು ಮುಚ್ಚಿದ್ದನ್ನು ನೋಡಿದ ಶಹಾಬಾದಿನಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳುವುದು ಸುಲಭವಲ್ಲ. ಹೇಳಿದರೆ ಅದಕ್ಕೆ ತೂಕವೂ ಬೇರೆ.

ವಚನದ ಚೀಟಿ ಬಂದ ದಾರಿ ಬೇರೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ ನೆಲೆಸಿದ್ದ ಮೊರಾವಿಯನ್ ಕ್ರೈಸ್ತರಿಗೆ 1728ರ ಮೇ 3ರಂದು ಅವರ ಮುಂದಾಳು ಜಿನ್ಸೆನ್‌ಡಾರ್ಫ್ ಮರುದಿನಕ್ಕೆಂದು ಒಂದು ವಾಕ್ಯ ಕೊಟ್ಟರು. ಆಮೇಲೆ ಬೆಳಿಗ್ಗೆ ಮನೆಮನೆಗೆ ಹೋಗಿ ಅಂದಿನ ವಾಕ್ಯ ಹೇಳಿ ಬರುವ ರೂಢಿ ಬೆಳೆಯಿತು. 1731ಕ್ಕೆ ಅದು ವರ್ಷಪೂರ್ತಿಯ ಪುಸ್ತಕವಾಯಿತು. ಅಲ್ಲಿ ವಚನಗಳನ್ನು ಚೀಟಿ ಎತ್ತಿಯೇ ಆರಿಸುತ್ತಾರೆ, ಆ ಪುಸ್ತಕ ಇವತ್ತಿಗೂ ಹತ್ತಾರು ಭಾಷೆಗಳಲ್ಲಿ ಬರುತ್ತಿದೆ. 1738ರಲ್ಲಿ ವೆಸ್ಲಿ ಹೆರ್ನ್‌ಹುಟ್‌ಗೆ ಹೋಗಿ ಅವರ ಜೊತೆ ಇದ್ದು ಬಂದಿದ್ದರು. ನಮ್ಮ ತಟ್ಟೆಯ ಚೀಟಿ ಅದೇ ಬಳಗದ್ದು.

ಅಮೆರಿಕಕ್ಕೆ ಹೋದ ವಾಚ್ ನೈಟ್‌ಗೆ ಅಲ್ಲಿ ಹೊಸ ಕಸುವು ಬಂತು. 1862ರ ಡಿಸೆಂಬರ್ 31ರ ರಾತ್ರಿ ಕಪ್ಪು ಜನರ ಚರ್ಚುಗಳು ತುಂಬಿ ತುಳುಕಿದವು. ಮಾರನೆಯ ದಿನ ಅಧ್ಯಕ್ಷ ಲಿಂಕನ್ನರ ಗುಲಾಮರ ಬಿಡುಗಡೆಯ ಘೋಷಣೆ ಜಾರಿಗೆ ಬರುವುದಿತ್ತು. ಅಂದು ಅವರಿಗಿದ್ದದ್ದು ಒಂದೇ ಗುರಿ, ಅದು ಇಡೀ ಜನಾಂಗದ್ದು.

ಎಂಟು ವರ್ಷಗಳ ಮೇಲೆ, 1870ರಲ್ಲಿ, ವಿಲಿಯಂ ಟೇಲರ್ ಎಂಬ ಅಮೆರಿಕನ್ ಮೆಥೋಡಿಸ್ಟ್ ಬೋಧಕ ಭಾರತಕ್ಕೆ ಬಂದಿಳಿದರು. ಮರುವರ್ಷ ಮುಂಬಯಿಯಲ್ಲಿ ಶುರುವಾದ ಅವರ ಕೆಲಸ ಇಂಗ್ಲಿಷ್ ಬಲ್ಲವರ ನಡುವೆ, ಅದರಲ್ಲೂ ರೈಲ್ವೆ ನೌಕರರ ನಡುವೆ ಹಬ್ಬಿತು. ಅದೇ 1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ನಮ್ಮ ಸೀಮೆ ದಾಟಿ ರಾಯಚೂರಿಗೆ ಹೋಗಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು, ವಾಡಿ ಜಂಕ್ಷನ್ ಆಯಿತು. 1876ರಲ್ಲಿ ಮೆಥೋಡಿಸ್ಟರ ದಕ್ಷಿಣ ಭಾರತ ಕಾನ್ಫರೆನ್ಸ್ ರೂಪುಗೊಂಡಿತು. ಆಮೇಲೆ ಡಿ. ಒ. ಅರ್ನ್ಸ್‌ಬರ್ಗರ್ ಅವರಂಥ ಮಿಷನರಿಗಳು ಕಲಬುರಗಿ, ಸುರಪುರದ ಕಡೆ ಕನ್ನಡದ ಜನರ ನಡುವೆ ಕೆಲಸ ಹಿಡಿದರು. ಊರ ಹೊರಗಿನ ಕೇರಿಗಳವರೇ ಸಭೆಗೆ ಹೆಚ್ಚು ಬಂದರು. ಗುಡಿಯ ಮೆಟ್ಟಿಲು ಹತ್ತಗೊಡದವರ ನಡುವೆ ಬದುಕಿದ್ದವರಿಗೆ ನಡುರಾತ್ರಿಯಲ್ಲಿ ಎಲ್ಲರ ಜೊತೆ ಒಂದೇ ಚಾಪೆಯ ಮೇಲೆ ಮೊಣಕಾಲೂರುವುದೇ ವರ್ಷದ ದೊಡ್ಡ ಸಂಗತಿ ಆಗಿದ್ದಿರಬೇಕು. ಮೈಸೂರು ಸೀಮೆಯ ವೆಸ್ಲಿಯನ್ನರು 1947ರಲ್ಲಿ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಒಳಗೆ ಸೇರಿದರು, ಕಲಬುರಗಿ ಕಡೆಯವರು ಸೇರದೆ ಮೆಥೋಡಿಸ್ಟರಾಗಿಯೇ ಉಳಿದರು. 1981ರ ಜನವರಿ 7ರಂದು ಭಾರತದ ಮೆಥೋಡಿಸ್ಟ್ ಚರ್ಚು ಅಮೆರಿಕದ ಆಡಳಿತದಿಂದ ಬೇರೆಯಾಗಿ ತನ್ನ ಕಾಲ ಮೇಲೆ ನಿಂತಿತು.

ಇಷ್ಟು ದೂರದಿಂದ ಬಂದ ಗಂಟಿನಲ್ಲಿ ನಾವು ಜಾಗರಣೆಯನ್ನು ಉಳಿಸಿಕೊಂಡೆವು, ಚೀಟಿಯನ್ನೂ ಉಳಿಸಿಕೊಂಡೆವು. ಕ್ಯಾಪ್ಟನ್ ಫೋಯ್ ಅವರ ವಾರದ ಭೇಟಿ ಬಹಳ ಕಡೆ ಕೈಬಿಟ್ಟುಹೋಗಿದೆ. ನನ್ನ ಸಂಕಟ ಇದೇ. ಕುಡಿತ ಬಿಡುತ್ತೇನೆ, ಸಾಲ ಮಾಡುವುದಿಲ್ಲ, ಬೈಬಲ್ ಪೂರಾ ಓದುತ್ತೇನೆ ಎಂದು ಅತ್ತು ಹೇಳಿದವನನ್ನು ಫೆಬ್ರುವರಿಯಲ್ಲಿ ಯಾರೂ ಕೇಳುವುದಿಲ್ಲ. ಡಿಸೆಂಬರ್ ಬಂದಾಗ ಆತ ತಲೆ ತಗ್ಗಿಸಿ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ತಪ್ಪು ಅವನೊಬ್ಬನದಲ್ಲ.

ಗುರಿ ಎಣಿಕೆಗೆ ಸಿಗುವಂತಿದ್ದರೆ ಕೇಳುವವರಿಗೂ ಸುಲಭ. ಬೈಬಲಿನಲ್ಲಿ 1189 ಅಧ್ಯಾಯಗಳಿವೆ. ವಾರದ ಆರು ದಿನ ಮೂರು ಮೂರು, ಭಾನುವಾರ ಐದು ಓದಿದರೆ 52 ವಾರಗಳಲ್ಲಿ ಮುಗಿದು ಏಳು ಅಧ್ಯಾಯದಷ್ಟು ಜಾಗ ಮಿಗುತ್ತದೆ. ಸ್ಕಾಟ್ಲೆಂಡಿನ ಡಂಡಿ ಎಂಬ ಊರಿನ ಯುವ ಬೋಧಕ ರಾಬರ್ಟ್ ಮರ್ರೆ ಮಕ್‌ಶೇನ್ 1842ರ ಕೊನೆಯಲ್ಲಿ ತಮ್ಮ ಸಭೆಗೆ ದಿನದಿನದ ಓದಿನ ಪಟ್ಟಿ ಮಾಡಿಕೊಟ್ಟರು, ಅದನ್ನು ಹಿಡಿದು ಓದುವವರು ಈಗಲೂ ಇದ್ದಾರೆ. ಅವರು ಬಯಸಿದ್ದು ಸಭೆಯ ಅಷ್ಟೂ ಮನೆಗಳು ಒಂದು ದಿನ ಒಂದೇ ಭಾಗ ಓದಲಿ ಎಂದು. ಓದಲು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳಿದರೆ ಎರಡು ಜೀವದ ಗುರಿ ಒಟ್ಟಿಗೆ ನಡೆಯುತ್ತದೆ. ಸಾಲಕ್ಕೂ ಇದೇ ಮಾತು. ತೊಗರಿಯ ದುಡ್ಡು ಕೈಯಲ್ಲಿರುವಾಗ, ಕೈಗಡ ಇಷ್ಟು, ಬ್ಯಾಂಕಿನದು ಇಷ್ಟು, ಮೊದಲು ತೀರಿಸುವುದು ಇದು ಎಂದು ಬರೆದು ನಂಬಿಕೆಯ ಒಬ್ಬರಿಗೆ ತೋರಿಸುವುದು ನನ್ನ ಪ್ರಕಾರ ಪ್ರಾರ್ಥನೆಯ ಭಾಗವೇ.

ಇಲ್ಲಿ ಒಂದು ನಿಜವಾದ ತೊಡಕಿದೆ. ರಾಶಿ ಮುಗಿದ ಮೇಲೆ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಜನವರಿ 1ರಂದು ಒಟ್ಟಿಗೆ ನಿಂತು ಮಾತು ಕೊಟ್ಟವರು ಯುಗಾದಿ ಹೊತ್ತಿಗೆ ನಾಲ್ಕು ಊರಿನ ಕಟ್ಟಡ ಕೆಲಸದಲ್ಲಿರುತ್ತಾರೆ. ಹನ್ನೆರಡು ಮಂದಿಯ ಗುಂಪನ್ನು ಹೊರಡುವ ಮುಂಚೆಯೇ ಹೆಸರು ಹಿಡಿದು ಮಾಡಿಕೊಳ್ಳಬೇಕು, ಕೇಳುವ ಜವಾಬ್ದಾರಿಯನ್ನು ಒಬ್ಬ ಅಣ್ಣನಿಗೋ ಅಕ್ಕನಿಗೋ ವಹಿಸಬೇಕು. ಬೆಳಿಗ್ಗೆ ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ವಚನ ಕಳಿಸುವುದು ಒಳ್ಳೆಯದೇ, ಆದರೆ ಅದಕ್ಕೆ ಉತ್ತರ ಕೊಡಲೇಬೇಕೆಂದಿಲ್ಲ. "ತಮ್ಮಾ, ಈ ವಾರ ಹ್ಯಾಂಗ ನಡೀತಪ್ಪಾ?" ಎಂದು ಹೆಸರು ಹಿಡಿದು ಕೇಳಿದರೆ ಕೊಡಲೇಬೇಕು. ಕಟ್ಟಡದ ಕೆಲಸದಲ್ಲಿ ಬಟವಾಡೆ ಸಾಮಾನ್ಯವಾಗಿ ವಾರಕ್ಕೊಮ್ಮೆ. ದುಡ್ಡು ಕೈಗೆ ಬಂದ ಆ ಸಂಜೆ, ಹುಡುಗರು ಅಂಗಡಿಯ ಕಡೆ ಹೊರಡುವ ಮುಂಚೆ, ಫೋನು ಹೋಗಬೇಕು.