ಮೈಸೂರು ರಾಸ್ಪ್‌ಬೆರಿ

ಮೈಸೂರು ರಾಸ್ಪ್‌ಬೆರಿಯು ಗುಲಾಬಿಯ ಕುಟುಂಬವಾದ ರೋಸೇಸಿಗೆ ಸೇರಿದ ಮುಳ್ಳುಪೊದೆ. ಇದರ ವೈಜ್ಞಾನಿಕ ನಾಮ ರೂಬಸ್ ನಿವಿಯಸ್. ಸ್ವೀಡನ್ನಿನ ಸಸ್ಯವಿಜ್ಞಾನಿ ಥುನ್‌ಬರ್ಗ್ 1813ರಲ್ಲಿ ಈ ಹೆಸರನ್ನಿತ್ತನು. ‘ನಿವಿಯಸ್’ ಎಂದರೆ ಹಿಮದಂಥದು. ಎಲೆಯ ಅಡಿಭಾಗ ಬೆಳ್ಳಗಿರುತ್ತದೆ. ಹೆಸರಿನಲ್ಲಿ ಮೈಸೂರು ಇದ್ದರೂ ಇದು ಮೈಸೂರಿಗಷ್ಟೇ ಸೀಮಿತವಲ್ಲ. ಹಿಮಾಲಯದ ತಪ್ಪಲಲ್ಲೂ ದಕ್ಷಿಣ ಭಾರತದ ಮಲೆಗಳಲ್ಲೂ ತಾನಾಗಿ ಬೆಳೆಯುತ್ತದೆ. ಕೆಂಪು ಹಣ್ಣು ಮಾಗಿದಾಗ ಕಪ್ಪಾಗುತ್ತದೆ.

ಕೃಷಿ

ಯುರೋಪಿನ ಕೆಂಪು ರಾಸ್ಪ್‌ಬೆರಿಗೆ ಚಳಿಗಾಲದ ದೀರ್ಘಕಾಲದ ಶೀತ ಅವಶ್ಯಕ. ಗುಬ್ಬಿ, ಕುಣಿಗಲ್‌ಗಳಂತಹ ಬಯಲುಸೀಮೆಯಲ್ಲಿ ಅದು ದೊರೆಯದು. ಆದುದರಿಂದ ಸಸಿ ಕೊಳ್ಳುವಾಗ ಜಾತಿಯನ್ನು ವಿಚಾರಿಸುವುದು ಮುಖ್ಯ. ಚಿತ್ರ ನೋಡಿ ಕೊಂಡರೆ ಹಣ ವ್ಯರ್ಥ. ಮೈಸೂರು ರಾಸ್ಪ್‌ಬೆರಿಗೆ ಅಂತಹ ಶೀತ ಬೇಕಿಲ್ಲ. ಆದರೆ ಮಲೆಯ ಗಿಡವಾದ್ದರಿಂದ ಒಣಹವೆಯನ್ನು ಸಹಿಸುವುದು ಕಷ್ಟ. ಬೆಳಗಿನ ಬಿಸಿಲು, ಮಧ್ಯಾಹ್ನ ತೆಂಗು ಅಥವಾ ಅಡಿಕೆಯ ನೆರಳು ಬೀಳುವ ಸ್ಥಳ ಉತ್ತಮ. ನೀರು ನಿಲ್ಲದ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಟ್ಟು, ಬುಡಕ್ಕೆ ತರಗೆಲೆ ಹೊದಿಸಿ, ಬೇಸಿಗೆಯಲ್ಲಿ ತೇವ ಆರದಂತೆ ನೋಡಿಕೊಳ್ಳಬೇಕು. ಬಾಗುವ ಕಾಂಡಗಳಿಗೆ ತಂತಿಯ ಆಸರೆ ಬೇಕು. ಹಣ್ಣು ಕೊಟ್ಟ ಕಾಂಡವನ್ನು ಬುಡಕ್ಕೆ ಕತ್ತರಿಸಿದರೆ ಹೊಸ ಚಿಗುರಿಗೆ ಎಡೆಯಾಗುತ್ತದೆ.

ಹರಡುವಿಕೆ

ಕಾಂಡದ ತುದಿ ನೆಲ ಮುಟ್ಟಿದಲ್ಲಿ ಬೇರೂರುತ್ತದೆ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ದೂರ ಒಯ್ಯುತ್ತವೆ. ಗಲಾಪಗೋಸ್ ದ್ವೀಪಗಳಲ್ಲಿ ಇದು ಸ್ಥಳೀಯ ಸಸ್ಯಗಳನ್ನು ಅಡಗಿಸುವ ಉಗ್ರ ಕಳೆಯಾಗಿದೆ. ಮನೆಯ ತೋಟದಲ್ಲಿಯೂ ತುದಿಗಳನ್ನು ಚಿವುಟಿ, ಬೇಲಿಯಾಚೆ ಹುಟ್ಟಿದ ಸಸಿಗಳನ್ನು ಕಿತ್ತುಹಾಕಬೇಕು.